ಐದನೆಯ ಶನಿವಾರ

ಕಣ್ಣಿನ ಆಸ್ಪತ್ರೆಯ ಮೂರನೆಯ ಕಿಟಕಿಯ ಹಿಂದೆ ಇಪ್ಪತ್ತಾರು ವರ್ಷ ಕೂತವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಕ್ಯಾಲೆಂಡರ್ ಅಕ್ಕ ಎಂದು. ಅಲ್ಲಿನ ಡಾಕ್ಟರರಿಗೆ ತಾರೀಖು ಹೇಳುವಷ್ಟು ಪುರುಸೊತ್ತಿರಲಿಲ್ಲ. "ಮುಂದಿನ ತಿಂಗಳು ಎರಡನೇ ಬುಧವಾರ", "ಮೂರು ತಿಂಗಳು ಬಿಟ್ಟು ಮೊದಲ ಸೋಮವಾರ" ಎಂದು ಗಾಳಿಯಲ್ಲಿ ತೇಲಿಬಿಟ್ಟು ಒಳಗೆ ಹೋಗುತ್ತಿದ್ದರು. ಆ ಮಾತನ್ನು ಹಿಡಿದು ತಾರೀಖು ಮಾಡಿ ಚೀಟಿಗೆ ಇಳಿಸುವುದು ಅಕ್ಕನ ಕೆಲಸ. ಎಡಗೈ ಮುಷ್ಟಿ ಕಟ್ಟಿ, ಬೆರಳ ಗೆಣ್ಣುಗಳ ಮೇಲೆ ತಿಂಗಳುಗಳನ್ನು ನಡೆಸುತ್ತಿದ್ದಳು. ಉಬ್ಬಿನ ಮೇಲೆ ನಿಂತ ತಿಂಗಳಿಗೆ ಮೂವತ್ತೊಂದು ದಿನ, ತಗ್ಗಿಗೆ ಬಿದ್ದದ್ದಕ್ಕೆ ಕಡಿಮೆ. ಆಮೇಲೆ ತುಟಿಯಲ್ಲೇ ವಾರಗಳನ್ನು ಎಣಿಸಿ ಬರೆಯುತ್ತಿದ್ದಳು. ಇಷ್ಟು ವರ್ಷದಲ್ಲಿ ಒಂದೂ ತಪ್ಪಿರಲಿಲ್ಲ. ಹಾಗಾಗಿಯೇ ಅದನ್ನೊಂದು ಕೆಲಸವೆಂದು ಯಾರೂ ತಿಳಿದಿರಲಿಲ್ಲ.

ಆಡಳಿತಾಧಿಕಾರಿಗೆ ಒಬ್ಬ ಭಾವಮೈದ. ನಲವತ್ತು ದಾಟಿದ ಮೇಲೆ ಆತನಿಗೆ ಪ್ರೋಗ್ರಾಮಿಂಗ್ ಒಲಿದಿತ್ತು. ಆರು ವಾರದ ಕೋರ್ಸಿನಲ್ಲಿ ಕೊಟ್ಟ ಅಭ್ಯಾಸವೊಂದನ್ನು, ಬಾಯಿಮಾತಿನಲ್ಲಿ ಹೇಳಿದ ದಿನಕ್ಕೆ ತಾರೀಖು ಹುಡುಕಿಕೊಡುವುದನ್ನು, ಭಾವನ ಮುಂದೆ ಮಾಡಿ ತೋರಿಸಿದ. ಭಾವ ಕರಗಿದರು. ಮನೆಯಲ್ಲಿ ಹೆಂಡತಿ ಮೊದಲೇ ಸ್ವಲ್ಪ ಕರಗಿಸಿಟ್ಟಿರಬೇಕು. ಮುಂದಿನ ತಿಂಗಳ ಕೊನೆಯವರೆಗೆ ಪ್ರೋಗ್ರಾಮೇ ತಾರೀಖು ಕೊಡಲಿ, ದೂರು ಬಾರದಿದ್ದರೆ ಅಕ್ಕ ಹಿಂಬದಿಯ ಕನ್ನಡಕದ ಉಗ್ರಾಣಕ್ಕೆ ಹೋಗಲಿ ಎಂದು ತೀರ್ಮಾನವಾಯಿತು.

ಅಕ್ಕನಿಗೆ ಆ ಕಿಟಕಿ ಬೇಕಿತ್ತು. ಕಣ್ಣಿಗೆ ಪಟ್ಟಿ ಕಟ್ಟಿಕೊಂಡವರು ದನಿಯಿಂದಲೇ ಅವಳನ್ನು ಗುರುತು ಹಿಡಿದು ಅತ್ತ ಮುಖ ತಿರುಗಿಸುತ್ತಿದ್ದರು. ಉಗ್ರಾಣದಲ್ಲಿ ಇರುವುದು ಮುಖವಿಲ್ಲದ ಫ್ರೇಮುಗಳು.

ಅಕ್ಷಿಪಟಲದ ಡಾಕ್ಟರು ಬೇರೆ ಊರಿನವರು, ಬರುವುದು ತಿಂಗಳ ಕಡೆಯ ಶನಿವಾರ ಮಾತ್ರ. ಅವರನ್ನು ಕಾಣಬೇಕಾದ ನಲವತ್ತೊಂದು ಜನರ ಚೀಟಿಗಳು ಮುದ್ರಣವಾಗಿ ಬಂದವು. ಎಲ್ಲದರಲ್ಲೂ ಮುಂದಿನ ತಿಂಗಳ ಇಪ್ಪತ್ತೆರಡನೇ ತಾರೀಖು. ಅಕ್ಕ ಮುಷ್ಟಿ ಕಟ್ಟಿದಳು. ಆ ತಿಂಗಳು ಶನಿವಾರದಿಂದಲೇ ಶುರು. ಇಪ್ಪತ್ತೊಂಬತ್ತಕ್ಕೆ ಇನ್ನೊಂದು ಶನಿವಾರ ಉಳಿದಿತ್ತು.

"ಕಡೇ ಶನಿವಾರ ಅಂದ್ರೆ ಏನಂತ ಲೆಕ್ಕ ಹಾಕಿದೀರಿ?" ಎಂದು ಭಾವಮೈದನನ್ನು ಕೇಳಿದಳು.

"ನಾಲ್ಕನೇದು. ಮೂರು ತಿಂಗಳಿಗೆ ಹಾಕಿ ನೋಡಿದೀನಿ, ಎಲ್ಲಾ ಸರಿ ಬಂತು."

"ಐದು ಶನಿವಾರ ಬಂದ್ರೆ?"

"ಅದೆಲ್ಲ ಅಪರೂಪ ಬಿಡಿ ಅಕ್ಕ."

"ವರ್ಷಕ್ಕೆ ನಾಲ್ಕು ಸಲ ಬರೋ ಅಪರೂಪ."

"ಕುರ್ಚಿ ಹೋಗುತ್ತೆ ಅಂತ ನಿಮಗೆ ಸಂಕಟ. ನನಗೂ ಅರ್ಥ ಆಗುತ್ತೆ" ಎಂದು ಆತ ಕರುಣೆಯಿಂದ ನಕ್ಕ.

ಆ ರಾತ್ರಿ ಅಕ್ಕ ಇದನ್ನು ಗಂಡನಿಗೆ ಹೇಳಿದಳು. ಅವನು ಗಡಿಯಾರ ರಿಪೇರಿಯವನು. ಅವನ ಅಂಗಡಿಯ ಹದಿನೇಳು ಗಡಿಯಾರಗಳಲ್ಲಿ ಹದಿನೇಳು ಹೊತ್ತು. ಕಾಲದ ವಿಷಯದಲ್ಲಿ ಬುದ್ಧಿ ಹೇಳಲು ಅವನಿಗಿಂತ ಯೋಗ್ಯರು ಯಾರು?

"ಸುಮ್ನೆ ಬಾಯಿ ಮುಚ್ಕೊಂಡಿರು" ಎಂದ. "ನಲವತ್ತೊಂದು ಜನ ಬಂದು ಕೂಗಾಡ್ಲಿ. ನಿಮ್ಮ ಸಾಹೇಬ್ರೇ ಕುರ್ಚಿ ಒರೆಸಿ ನಿನ್ನ ಕೂರಿಸ್ತಾರೆ."

"ಆ ಜನ?"

"ಒಂದ್ಸಲ ಸುಮ್ನೆ ಬಂದು ಹೋದ್ರೆ ಆಕಾಶ ಬೀಳಲ್ಲ ಕಣೇ."

ಸಲಹೆ ಅಕ್ಕನಿಗೆ ಹಿಡಿಸಿತು. ಐದು ದಿನ ಶ್ರದ್ಧೆಯಿಂದ ಪಾಲಿಸಿದಳು. ಆರನೆಯ ದಿನ ಕಣ್ಣಿಗೆ ಬಿಡುವ ಹನಿ ಔಷಧಿಗಾಗಿ ಮುದುಕ ಬಡಗಿಯೊಬ್ಬ ಸೊಸೆಯ ಭುಜ ಹಿಡಿದು ಬಂದ. ಎರಡು ಬಸ್ಸು ಬದಲಿಸಿ ಬರುವವನು. ಕಿಟಕಿಯ ಅಂಚನ್ನು ಬೆರಳಿನಿಂದ ಸವರಿ ನೋಡಿದ.

"ಮರ ಸವೆದಿದೆ ತಾಯಿ, ನಿಮ್ಮ ಮೊಣಕೈಯದೇ ಕೆಲಸ" ಎಂದ. ಆಮೇಲೆ ಚೀಟಿ ಚಾಚಿದ. "ಇದು ಯಂತ್ರ ಕೊಟ್ಟಿದ್ದಂತೆ. ನೀವೊಂದ್ಸಲ ಎಣಿಸ್ಬಿಡಿ."

"ನೋಡಿದ್ರಾ, ಇವರಿಗೆ ಯಾರ ಮೇಲೂ ನಂಬಿಕೆಯಿಲ್ಲ" ಎಂದಳು ಸೊಸೆ.

ಅಕ್ಕ ಇಪ್ಪತ್ತೆರಡನ್ನು ಹೊಡೆದುಹಾಕಿ ಇಪ್ಪತ್ತೊಂಬತ್ತು ಬರೆದಳು. ಆಮೇಲೆ ಊಟದ ಬಿಡುವಿನಲ್ಲಿ ರಿಜಿಸ್ಟರು ತೆರೆದು ಉಳಿದ ನಲವತ್ತು ಜನಕ್ಕೆ ಒಬ್ಬೊಬ್ಬರಾಗಿ ಫೋನ್ ಮಾಡತೊಡಗಿದಳು. ಮೂರು ಮಧ್ಯಾಹ್ನ ಬೇಕಾಯಿತು.

ಇಪ್ಪತ್ತೆರಡರಂದು ಅಕ್ಷಿಪಟಲದ ಡಾಕ್ಟರ ಕೋಣೆಯ ಮುಂದೆ ಒಂದು ನರಪಿಳ್ಳೆಯೂ ಇರಲಿಲ್ಲ. ಇಪ್ಪತ್ತೊಂಬತ್ತರಂದು ಡಾಕ್ಟರೂ ಬಂದರು, ನಲವತ್ತೊಂದು ಜನವೂ ಬಂದರು. ಆಡಳಿತಾಧಿಕಾರಿ ಸಿಬ್ಬಂದಿಯನ್ನೆಲ್ಲ ಸೇರಿಸಿ, "ಒಂದೇ ಒಂದು ದೂರಿಲ್ಲ. ಯಂತ್ರ ಅಂದ್ರೆ ಇದು" ಎಂದರು. ಭಾವಮೈದನಿಗೆ ಪೆನ್ನು ಕೊಟ್ಟು ಚಪ್ಪಾಳೆ ತಟ್ಟಿಸಿದರು. ಅಕ್ಕನೂ ತಟ್ಟಿದಳು. ಸೋಮವಾರ ಉಗ್ರಾಣದ ಬೀಗದ ಕೈ ಅವಳ ಕೈಗೆ ಬಂತು.

ಗುರುವಾರ ಭಾವಮೈದ ಉಗ್ರಾಣದ ಬಾಗಿಲಲ್ಲಿ ನಿಂತಿದ್ದ. ತನ್ನ ಯಂತ್ರ ಹೇಳಿದ್ದು ಇಪ್ಪತ್ತೆರಡು ಎಂಬುದು ಅವನಿಗೆ ಗೊತ್ತಿರದೆ ಇದ್ದೀತೇ?

"ಭಾವನಿಗೆ ಹೇಳಿಬಿಡ್ತೀರಾ ಅಕ್ಕ?"

"ನೀವು ಹೇಳ್ತೀರಾ?"

ಆತ ಒಂದು ಫ್ರೇಮನ್ನು ಎತ್ತಿಕೊಂಡು ಬಹಳ ಆಸಕ್ತಿಯಿಂದ ಪರೀಕ್ಷಿಸಿದ. ಅದಕ್ಕೆ ಗಾಜಿರಲಿಲ್ಲ.

"ಅದಿರಲಿ, ಮೊದಲು ತಪ್ಪು ಸರಿಮಾಡಿ" ಎಂದಳು ಅಕ್ಕ. "ಮುಂದಿನ ಸಲಕ್ಕೆ ಆ ಜನರ ಫೋನ್ ನಂಬರಿನ ರಿಜಿಸ್ಟರು ನನ್ನ ಹತ್ರ ಇರಲ್ಲ."

ಆತ ಸ್ಟೂಲು ಎಳೆದುಕೊಂಡು ಕೂತು, ಬಹುಮಾನದ ಪೆನ್ನನ್ನು ಜೇಬಿನಿಂದ ತೆಗೆದ.

"ಕಡೇದು ಬೇಕಿದ್ರೆ ಮೊದಲಿಂದ ಎಣಿಸ್ಬಾರದು" ಎಂದು ಅಕ್ಕ ಎಡಗೈ ಮುಷ್ಟಿ ಕಟ್ಟಿದಳು. "ತಿಂಗಳ ಕೊನೇ ದಿನಕ್ಕೆ ಹೋಗಿ ನಿಂತ್ಕೊಳ್ಳಿ. ಅಲ್ಲಿಂದ ಶನಿವಾರ ಸಿಗೋವರೆಗೆ ಹಿಂದಕ್ಕೆ ಬನ್ನಿ. ಬರ್ಕೊಳ್ಳಿ."