ಅರಿಸಿನ ಮಂಡಿಯ ರೋಸಿ ಮತ್ತು ನಾನು ಗೆದ್ದ ವಾದ

1994ರ ಕೊನೆಯಲ್ಲಿ ನಾನು ಚಾಮರಾಜನಗರಕ್ಕೆ ಪಶುವೈದ್ಯನಾಗಿ ಬಂದೆ. ಊರು ಆಗಿನ್ನೂ ಜಿಲ್ಲಾ ಕೇಂದ್ರವಾಗಿರಲಿಲ್ಲ. ನನಗೆ ಇಪ್ಪತ್ತಾರು ವರ್ಷ. ಟ್ರಂಕಿನಲ್ಲಿ ಪದವಿ ಪತ್ರದ ಜೊತೆಗೆ ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಮೂರು ಶೀಲ್ಡುಗಳಿದ್ದವು. ಎದುರಿನವರ ಮಾತಿನಲ್ಲಿ ಸಡಿಲವಾದ ಮೊಳೆ ಯಾವುದು ಎಂದು ನೋಡಿ ಅದನ್ನೇ ಕೀಳುವುದು ನನಗೆ ಕೈಬಂದ ವಿದ್ಯೆ. ಹಸು, ಎಮ್ಮೆ, ಕುರಿಗಳ ಹತ್ತಿರ ಅದು ನಡೆಯುತ್ತಿರಲಿಲ್ಲ. ಅವುಗಳ ಯಜಮಾನರ ಹತ್ತಿರ ಚೆನ್ನಾಗಿಯೇ ನಡೆಯುತ್ತಿತ್ತು.

ನಡೆಯದೆ ಹೋದದ್ದು ರಾಚಯ್ಯ ಎಂಬ ಒಂದು ಹೆಸರಿನ ಮುಂದೆ. ಗುಂಡ್ಲುಪೇಟೆಯ ಈ ಮನುಷ್ಯ ಊಟಿಯ ಎಸ್ಟೇಟ್ ಬಂಗಲೆಯೊಂದರಲ್ಲಿ ಹನ್ನೆರಡು ವರ್ಷ ನಾಯಿಗಳನ್ನು ನೋಡಿಕೊಂಡಿದ್ದು ಊರಿಗೆ ಮರಳಿದ್ದರು. ಪ್ರತಿ ಗುರುವಾರ ಮೊದಲ ಬಸ್ಸಿಗೆ ಚಾಮರಾಜನಗರಕ್ಕೆ ಬಂದು, ವ್ಯಾಪಾರಸ್ಥರ ಮನೆಯ ಪೊಮೆರೇನಿಯನ್ನು, ಅಲ್ಸೇಷಿಯನ್ನುಗಳಿಗೆ ಸ್ನಾನ ಮಾಡಿಸಿ, ಕೂದಲು ಬಾಚಿ, ಉಗುರು ಕತ್ತರಿಸಿ ಸಂಜೆಗೆ ವಾಪಸ್ಸಾಗುತ್ತಿದ್ದರು. ನಾನು ಯಾವ ನಾಯಿಗೆ ಔಷಧಿ ಬರೆದರೂ ಅದರ ಯಜಮಾನರು ಚೀಟಿ ಮಡಿಸುತ್ತಾ ಕೇಳುತ್ತಿದ್ದುದು ಒಂದೇ ಪ್ರಶ್ನೆ: "ರಾಚಯ್ಯಂಗೂ ಒಂದ್ಸಲ ತೋರ್ಸನಾ ಸಾ?"

ನನಗೆ ಹೊಟ್ಟೆಕಿಚ್ಚು ಬಂತು. ಇದನ್ನು ಸಂಕೋಚವಿಲ್ಲದೆ ಬರೆಯುತ್ತೇನೆ, ಏಕೆಂದರೆ ಮುಂದಿನದಕ್ಕೆಲ್ಲ ಇದೇ ಕಾರಣ. ಒಂದು ಅಲ್ಸೇಷಿಯನ್ನಿಗೆ ನಾನು ಚುಚ್ಚುಮದ್ದು ಕೊಡಬೇಕಾದರೆ ಬಾಯಿಗೆ ಪಟ್ಟಿ ಕಟ್ಟಿ ಇಬ್ಬರು ಹಿಡಿಯಬೇಕಿತ್ತು. ಅದೇ ನಾಯಿ ರಾಚಯ್ಯನವರ ಕತ್ತರಿಯ ಕೆಳಗೆ ನಾಲ್ಕೂ ಕಾಲು ಮೇಲೆತ್ತಿ ಗೊರಕೆ ಹೊಡೆಯುತ್ತಿತ್ತು. ಅವರಿಗೆ ನಾಯಿ ಭಾಷೆ ಬರುತ್ತದೆ ಎಂದು ಊರು ಹೇಳುತ್ತಿತ್ತು. ನಾನು ನಂಬಲಿಲ್ಲ. ಒಂದು ಗುರುವಾರ ದಾರಿಯಲ್ಲಿ ಅವರನ್ನು ನಿಲ್ಲಿಸಿ, ಹೈಜೀನ್ ಪರೀಕ್ಷೆ ಎಂದು ಸುಳ್ಳು ಹೇಳಿ ಚೀಲ ತೆಗೆಸಿದೆ. ನಾಯಿಗಳನ್ನು ಒಲಿಸಿಕೊಳ್ಳುವ ಬೆಲ್ಲವೋ ಬನ್ನೋ ಸಿಕ್ಕಿದರೆ ಗುಟ್ಟು ರಟ್ಟಾಯಿತಲ್ಲ! ಸಿಕ್ಕಿದ್ದು ಎರಡು ಬಾಚಣಿಗೆ, ಕತ್ತರಿ, ಕೊಬ್ಬರಿ ಎಣ್ಣೆ, ಹಳೆಯ ಟವೆಲ್ಲು, ಬೀಡಿಕಟ್ಟು.

"ಏನ್ ಕಳ್ಕೊಂಡ್ರಿ ಬುದ್ಧಿ?" ಎಂದರು ರಾಚಯ್ಯ. ಮುಖದಲ್ಲಿ ನಗು ಇರಲಿಲ್ಲ. ಇದ್ದಿದ್ದರೆ ಜಗಳವಾಡಬಹುದಿತ್ತು.

1995ರ ಮಾರ್ಚ್, ಅರಿಸಿನದ ಸುಗ್ಗಿ. ಒಂದು ಸೋಮವಾರ ಬೆಳಿಗ್ಗೆ ಮಂಡಿ ಮಾಲೀಕ ಗುರುಸಿದ್ದಪ್ಪ ಓಡುತ್ತಾ ಬಂದರು. ಅವರ ಮನೆಯ ಆರು ವರ್ಷದ ಹೆಣ್ಣು ಪೊಮೆರೇನಿಯನ್ ರೋಸಿ, ಎತ್ತಿಕೊಳ್ಳಲು ಹೋದ ಅವರ ಹೆಂಡತಿ ಪಾರ್ವತಮ್ಮನ ಅಂಗೈಗೆ ಕಚ್ಚಿತ್ತು. ಆ ಕಾಲದಲ್ಲಿ ನಾಯಿ ಕಚ್ಚಿದರೆ ಹೊಕ್ಕುಳ ಸುತ್ತ ದಿನಕ್ಕೊಂದರಂತೆ ಹದಿನಾಲ್ಕು ಚುಚ್ಚುಮದ್ದು. ಪಾರ್ವತಮ್ಮನಿಗೆ ಅವತ್ತೇ ಶುರುವಾಯಿತು.

ಮಂಡಿಗೆ ಹೋದೆ. ಮೂಟೆಗಳ ಹಿಂದೆ ತಾನಾಗಿ ಸೇರಿಕೊಂಡಿದ್ದ ಕತ್ತಲ ಮೂಲೆಯಲ್ಲೇ ರೋಸಿಯನ್ನು ಸರಪಳಿಯಲ್ಲಿ ಕಟ್ಟಿದ್ದರು. ಹುಟ್ಟಿನಿಂದ ಬಿಳಿ ನಾಯಿ. ಸುಗ್ಗಿಯಲ್ಲಿ ಮಂಡಿಯ ಧೂಳು ಕೂತು ಮದುವಣಗಿತ್ತಿಯ ಹಾಗೆ ಹಳದಿ. ಹತ್ತಿರ ಹೋದರೆ ಗುರ್ ಎನ್ನುತ್ತಿತ್ತು. ಎರಡು ದಿನದಿಂದ ಅನ್ನ ಮುಟ್ಟಿಲ್ಲ. ಕತ್ತಲಿಗೆ ಸೇರುವುದು, ಊಟ ಬಿಡುವುದು, ಸಾಕಿದವರನ್ನೇ ಕಚ್ಚುವುದು, ಇವು ರೇಬೀಸ್ ಅಂದರೆ ಹುಚ್ಚುರೋಗದ ಲಕ್ಷಣಗಳೂ ಹೌದು. ಇಂಥ ನಾಯಿಯನ್ನು ಮುಟ್ಟದೆ ಹತ್ತು ದಿನ ಕಟ್ಟಿಹಾಕಿ ಗಮನಿಸಬೇಕು ಎಂಬುದು ನಿಯಮ. ಐದಡಿ ದೂರದಿಂದಲೇ ನೋಡಿ ಅದನ್ನೇ ಹೇಳಿದೆ.

ಕೈಗೆ ಬಟ್ಟೆ ಸುತ್ತಿಕೊಂಡಿದ್ದ ಪಾರ್ವತಮ್ಮ ಒಪ್ಪಲಿಲ್ಲ. "ಉಚ್ಚಲ್ಲ ಕಣಪ್ಪಾ ಡಾಕ್ಟ್ರೇ. ಉಚ್ಚಿಡದಿದ್ರೆ ನೀರ ಕಂಡ್ರೆ ಎದರ್ಕತದೆ ಅಂತಾರಲ್ಲ? ಇವ್ಳು ಚೊಂಬ್ಗಟ್ಲೆ ಕುಡಿತಾವ್ಳೆ."

ಸಡಿಲ ಮೊಳೆ ಸಿಕ್ಕಿತು. "ಅಮ್ಮಾ, ನೀರಿನ ಭಯ ಮನುಷ್ಯರಿಗೆ ಬರುವುದು, ನಾಯಿಗಲ್ಲ. ಹುಚ್ಚು ನಾಯಿಯೂ ನೀರಿಗೆ ಬಾಯಿ ಹಾಕುತ್ತದೆ. ಹಾಗಾಗಿ ನೀವು ಹೇಳಿದ್ದು ಪುರಾವೆಯೇ ಅಲ್ಲ" ಎಂದೆ. ಪಾರ್ವತಮ್ಮ ಖಾಲಿ ಚೊಂಬು ಎತ್ತಿಕೊಂಡು ಒಳಗೆ ಹೋದರು. ನನ್ನ ಮಾತಿನಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಗೆದ್ದು ಮನೆಗೆ ಬಂದೆ.

ಬುಧವಾರಕ್ಕೆ ರೋಸಿ ಏಳುವುದನ್ನೂ ಬಿಟ್ಟಿತು. "ಇನ್ಯಾತಕ್ಕೆ ಸಾ ನರಳುಸ್ತೀರಿ? ಸೂಜಿ ಹಾಕಿ ಕಳುಸ್ಬುಡಿ" ಎಂದರು ಗುರುಸಿದ್ದಪ್ಪ, ಗೋಡೆಯ ಕಡೆ ತಿರುಗಿ. ರೋಗ ಬಲಿತಿದೆ ಎಂದು ನನಗೂ ಅನ್ನಿಸಿತು. ಗುರುವಾರ ಬೆಳಿಗ್ಗೆ ಕೊನೆಯ ಸೂಜಿ ಎಂದು ಒಪ್ಪಿಕೊಂಡೆ.

ಮರುದಿನ ಸಿರಿಂಜು ಹಿಡಿದು ಹೋದಾಗ ರಾಚಯ್ಯ ಆ ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತಿದ್ದರು. ಸಿಟ್ಟು ನೆತ್ತಿಗೇರಿತು.

"ಮುಟ್ಟಬೇಡ ರಾಚಯ್ಯ! ರೇಬೀಸ್ ಇರಬಹುದು. ನಿನ್ನ ಮಂತ್ರ ಇಲ್ಲಿ ನಡೆಯಲ್ಲ."

"ಮುಟ್ನಿಲ್ಲ ಬುದ್ಧಿ. ನೋಡ್ತಾವ್ನಿ."

"ನೋಡೋದೇನಿದೆ?"

ರಾಚಯ್ಯ ಬೀಡಿ ಹಿಡಿದ ಬೆರಳಿನಿಂದಲೇ ತೋರಿಸಿದರು. "ಮೈಯೆಲ್ಲಾ ಅಳದಿ ಅದೆ. ಇಂದ್ಗಡೆ, ಬಾಲದ್ ಕೆಳಗೆ ಮಾತ್ರ ಬೆಳ್ಳಗದೆ. ಅಲ್ಲಿದ್ ಅರಿಸಿನ ಎಲ್ಲೋಯ್ತು ಬುದ್ಧಿ?"

ಬಗ್ಗಿ ನೋಡಿದೆ. ಬಾಲದ ಬುಡದಿಂದ ತೊಡೆಯ ಒಳಗಿನವರೆಗೆ ಅಂಗೈಯಗಲ ಕೂದಲು ತೊಳೆದಿಟ್ಟಂತೆ ಬಿಳಿ. ಅದನ್ನು ತೊಳೆದದ್ದು ರೋಸಿಯ ನಾಲಿಗೆ. ದಿನಗಟ್ಟಲೆ ನೆಕ್ಕಿದೆ. ಏಕೆ ನೆಕ್ಕಿತು? ಅಲ್ಲಿಂದ ಏನೋ ಸೋರುತ್ತಿತ್ತು. ಸೋರಿದ್ದನ್ನೆಲ್ಲ ಸ್ವಚ್ಛ ಮಾಡಿಬಿಟ್ಟಿದ್ದರಿಂದ ಐದಡಿ ದೂರದಲ್ಲಿ ನಿಂತಿದ್ದ ನನಗೆ ಏನೂ ಕಂಡಿರಲಿಲ್ಲ.

ಆಗ ಕಿವಿಯಲ್ಲಿ ಪಾರ್ವತಮ್ಮನ ಮಾತು ಮೊಳಗಿತು. ಚೊಂಬುಗಟ್ಟಲೆ ನೀರು! "ಅಮ್ಮಾ, ದಿನಕ್ಕೆ ಎಷ್ಟು ಚೊಂಬು? ಬೆದೆಗೆ ಬಂದು ಎಷ್ಟು ದಿನವಾಯಿತು?" ಎಂದು ಬಾಗಿಲಲ್ಲಿ ನಿಂತಿದ್ದ ಅವರನ್ನು ಕೇಳಿದೆ.

"ನಾಕು ಚೊಂಬು ಸಾಲ್ದು. ಬೆದೆ ಮುಗ್ದು ಆರೇಳ್ ವಾರ ಆಗದೆ. ಇದ್ನೇ ಅಲ್ವ ನಾನು ಅವತ್ತೂ ಬಡ್ಕಂಡಿದ್ದು, ನೀರು ನೀರು ಅಂತ!"

ಪಯೋಮೆಟ್ರಾ. ಬೆದೆ ಮುಗಿದ ಕೆಲವು ವಾರಗಳಲ್ಲಿ ಗರ್ಭಕೋಶದೊಳಗೆ ಕೀವು ತುಂಬುವ ಕಾಯಿಲೆ. ವಿಪರೀತ ಬಾಯಾರಿಕೆ ಅದರ ಮೊದಲ ಗುರುತು ಎಂದು ನಾನೇ ಪರೀಕ್ಷೆಯಲ್ಲಿ ಬರೆದಿದ್ದೆ. ಹೊಟ್ಟೆ ಬಿಗಿದ ನಾಯಿಯನ್ನು ಎತ್ತಿಕೊಂಡರೆ ಅದು ಕಚ್ಚದೆ ಮುತ್ತು ಕೊಡುತ್ತದೆಯೇ?

ಸಿರಿಂಜನ್ನು ಜೇಬಿಗೆ ಸೇರಿಸಿದೆ. ರೇಬೀಸಿನ ಅನುಮಾನ ಪೂರ್ತಿ ಹೋಗಿರಲಿಲ್ಲವಾದ್ದರಿಂದ ಎರಡೆರಡು ಜೊತೆ ಗ್ಲೌಸ್ ಹಾಕಿಕೊಂಡು, ರಾಚಯ್ಯನವರಿಗೂ ಹಾಕಿಸಿ, ಅವತ್ತೇ ಮಧ್ಯಾಹ್ನ ಆಸ್ಪತ್ರೆಯ ಟೇಬಲ್ಲಿನ ಮೇಲೆ ಆಪರೇಷನ್ ಮಾಡಿದೆ. ಹೊಟ್ಟೆಯ ಕೂದಲು ಕತ್ತರಿಸಿ, ಅರಿವಳಿಕೆ ಏರುವವರೆಗೆ ತಲೆ ಹಿಡಿದದ್ದು ರಾಚಯ್ಯ. ನನ್ನ ಕೈ ಕಂಡು ಗುರುಗುಟ್ಟುತ್ತಿದ್ದ ರೋಸಿ ಅವರ ಕೈ ಕಂಡು ಕಣ್ಣು ಮುಚ್ಚಿತು. ಆ ಹೊತ್ತಿನಲ್ಲೂ, ನಾಚಿಕೆಯಾಗುತ್ತದೆ ಬರೆಯಲು, ನನ್ನ ಹೊಟ್ಟೆಕಿಚ್ಚು ಚುರುಕ್ ಎಂದಿತು. ಒಂದು ಗಂಟೆ ಹತ್ತು ನಿಮಿಷ ಹಿಡಿಯಿತು. ಐದು ಕೆಜಿಯ ನಾಯಿಯ ಹೊಟ್ಟೆಯಿಂದ ತೆಗೆದ ಗರ್ಭಕೋಶ ಮುಕ್ಕಾಲು ಕೆಜಿ ತೂಗಿತು.

ಕಚ್ಚಿದ ಹತ್ತನೆಯ ದಿನ ರೋಸಿ ಮೊಸರನ್ನ ತಿಂದು ನನ್ನನ್ನು ನೋಡಿ ಬೊಗಳಿತು. ಕಚ್ಚಿದ ಮೇಲೆ ಹತ್ತು ದಿನ ಬದುಕಿದ ನಾಯಿಗೆ ರೇಬೀಸ್ ಇರಲಿಲ್ಲವೆಂದೇ ಲೆಕ್ಕ; ಪಾರ್ವತಮ್ಮನಿಗೆ ಉಳಿದ ನಾಲ್ಕು ಚುಚ್ಚುಮದ್ದು ತಪ್ಪಿದವು. ಊರಲ್ಲಿ ಏನೆಂದರು? "ರಾಚಯ್ಯ ಉಳುಸ್ಬುಟ್ಟ ಕಣ್ಲಾ." ಹೊಟ್ಟೆ ಕುಯ್ದು ಹೊಲಿದವನು ನಾನು!

ತಡೆಯಲಾಗದೆ ರಾಚಯ್ಯನವರನ್ನು ಹಿಡಿದು ನಿಲ್ಲಿಸಿದೆ. "ಇದರಲ್ಲಿ ನಾಯಿ ಭಾಷೆಯೂ ಇಲ್ಲ, ಪವಾಡವೂ ಇಲ್ಲ. ಕೂದಲು ನೋಡಿದಿರಿ, ಲೆಕ್ಕ ಹಾಕಿದಿರಿ. ಹೌದೋ ಅಲ್ಲವೋ?"

"ಊ ಕಣ್ ಬುದ್ಧಿ. ಬರೀ ನೋಡೋದೇಯ. ನಾನ್ಯಾವತ್ತು ಭಾಸೆ ಬತ್ತದೆ ಅಂದಿದ್ದು?"

ಎದುರಾಳಿ ಮೊದಲ ಮಾತಿಗೇ ಒಪ್ಪಿಬಿಟ್ಟರೆ ಗೆಲ್ಲುವುದು ಯಾರನ್ನು?

ಆಮೇಲೆ ಏನಾದರೊಂದು ನೆಪ ಹೇಳಿಕೊಂಡು ಗುರುವಾರಗಳಲ್ಲಿ ಮಂಡಿಗೆ ಹೋಗಿ, ಅವರು ಬಾಚುವುದನ್ನು ನೋಡುತ್ತಾ ಕೂರತೊಡಗಿದೆ. ಎಲ್ಲಿ ಕೂದಲು ಎದ್ದು ನಿಂತಿದೆ, ಯಾವ ಉಗುರು ಸವೆದಿಲ್ಲ, ಬಾಚಣಿಗೆ ಎಲ್ಲಿಗೆ ಬಂದಾಗ ಉಸಿರು ಬಿಗಿಯುತ್ತದೆ ಎಂದು ಕಲಿತೆ. ಮೆಚ್ಚಿಕೊಂಡವರು ರಾಚಯ್ಯನ ಮುಖ ನೋಡುತ್ತಿದ್ದರು. ಹೊಟ್ಟೆಕಿಚ್ಚಿನವನಾದ್ದರಿಂದ ನಾನು ಕೈ ನೋಡಿದೆ. ಆದರೆ ಈ ಕೆಲಸದಲ್ಲಿ ನಾನು ಕಲಿತ ದೊಡ್ಡ ಪಾಠ ಪಾರ್ವತಮ್ಮನಿಂದ ಬಂದದ್ದು: ಸೋತ ವಾದದೊಳಗೂ ನಿಜವಾದ ಸಂಗತಿ ಇರುತ್ತದೆ. ಈಗ ಯಾರಾದರೂ ತಪ್ಪು ಕಾರಣ ಹೇಳಿದರೆ ಕಾರಣವನ್ನು ಬಿಟ್ಟು, ಅವರು ಕಂಡದ್ದೇನು ಎಂದು ಬರೆದುಕೊಳ್ಳುತ್ತೇನೆ.

ಒಂದು ಗುರುವಾರ ರೋಸಿ ರಾಚಯ್ಯನವರ ತೊಡೆಯ ಮೇಲಿತ್ತು. "ಕೈ ಕೊಡಿ ಬುದ್ಧಿ, ಮೂಸ್ಲಿ" ಎಂದರು. ಕೊಟ್ಟೆ. ಫಿನಾಯಿಲು ನಾರುವ ನನ್ನ ಬೆರಳುಗಳನ್ನು ರೋಸಿ ಒಂದೊಂದಾಗಿ ಮೂಸಿ, ಮುಖ ತಿರುಗಿಸಿ, ರಾಚಯ್ಯನ ಕಂಕುಳಿಗೆ ತಲೆ ತೂರಿಸಿತು.

"ಕಚ್ನಿಲ್ವಲ್ಲ," ಎಂದರು ರಾಚಯ್ಯ, ಬಾಚಣಿಗೆಯ ಕೂದಲು ಬಿಡಿಸುತ್ತಾ. "ಇವತ್ಗೆ ಅಷ್ಟ್ ಸಾಕು ಬುಡಿ."