ಅಂಚಿನ ಅಂಕಿಗಳು

ಮನೆಯಲ್ಲಿ ಇಟ್ಟ ಹೆಸರು ಬೇರೆಯೇ ಇತ್ತು. ಬೀದಿಯವರು ಮಾತ್ರ ಅವನನ್ನು ಪಾದರಸ ಎಂದೇ ಕರೆದರು, ಅರವತ್ತೆರಡು ತುಂಬಿದ ಮೇಲೂ ಆ ಹೆಸರು ಅವನನ್ನು ಬಿಡಲಿಲ್ಲ. ಕೂತಲ್ಲಿ ಕೂರುವ ಆಸಾಮಿಯೇ ಅಲ್ಲ. ಊಟದ ಕೊನೆಯ ತುತ್ತನ್ನು ಎದ್ದು ನಿಂತೇ ನುಂಗುತ್ತಿದ್ದ. ಬಸ್ಸಿನಲ್ಲಿ ಇಳಿಯುವ ಜಾಗ ಬರುವುದಕ್ಕೆ ಎರಡು ಸ್ಟಾಪು ಮೊದಲೇ ಬಾಗಿಲಿಗೆ ಹೋಗಿ ಕಂಬಿ ಹಿಡಿದು ನಿಲ್ಲುತ್ತಿದ್ದ. ಯಾರಾದರೂ ಒಂದು ಸುದ್ದಿ ಹೇಳತೊಡಗಿದರೆ ಆಮೇಲೇನಾಯ್ತು, ಆಮೇಲೇನಾಯ್ತು ಎಂದು ಅವರ ಪ್ರಾಣ ಹಿಂಡುತ್ತಿದ್ದ. ಯಮ ಹುಡುಕಿಕೊಂಡು ಬಂದರೂ ಈ ಮನುಷ್ಯ ಮನೆಯಲ್ಲಿ ಸಿಗುವುದಿಲ್ಲ ಎಂದು ಹೆಂಡತಿ ನೆಮ್ಮದಿಯಾಗಿದ್ದಳು.

ಇಂಥವನ ಹಣೆಯಲ್ಲಿ ಬರೆದದ್ದು ರೀಲು ತೊಳೆಯುವ ಕೆಲಸ. ಫೋಟೋ ಅಂಗಡಿಯ ಹಿಂದೆ, ಮಹಡಿ ಮೆಟ್ಟಿಲ ಕೆಳಗೆ, ತಲೆ ತಗ್ಗಿಸಿ ನುಗ್ಗಬೇಕಾದ ಒಂದು ಕತ್ತಲೆ ಕೋಣೆ. ಬಾಗಿಲ ಸಂದಿಯಿಂದ ಬೆಳಕು ಬಾರದಂತೆ ಹಳೆಯ ಕಂಬಳಿಯ ಪಟ್ಟಿ. ಒಳಗೆ ಕಪ್ಪು ಕಲ್ಲಿನ ಕಟ್ಟೆ, ಒಂದು ನಲ್ಲಿ, ಮೂರು ಟ್ರೇ, ನೀರಿನ ಬಿಸಿ ಅಳೆಯುವ ಗಾಜಿನ ಕಡ್ಡಿ, ತಂತಿಗೆ ಸಿಕ್ಕಿಸಿದ ಕ್ಲಿಪ್ಪುಗಳು, ಮೂಲೆಯಲ್ಲಿ ಚಿತ್ರ ದೊಡ್ಡದು ಮಾಡುವ, ಬಟ್ಟೆ ಹೊದ್ದ ಎನ್‌ಲಾರ್ಜರ್. ಇವೆಲ್ಲಕ್ಕೂ ಯಜಮಾನ ಟ್ಯಾಂಕು. ಟ್ಯಾಂಕು ಎಂದರೆ ಭಾರಿ ಏನೂ ಅಲ್ಲ, ಟೀಪುಡಿ ಡಬ್ಬಿಯಷ್ಟೇ ಇರುವ ಕಪ್ಪು ಡಬ್ಬಿ. ಅದರೊಳಗೆ ಸುರುಳಿ ಗೆರೆಗಳಿರುವ ಒಂದು ಚಕ್ರ. ಕಗ್ಗತ್ತಲಲ್ಲಿ ಬೆರಳ ತುದಿಯನ್ನೇ ಕಣ್ಣು ಮಾಡಿಕೊಂಡು ರೀಲನ್ನು ಆ ಗೆರೆಗಳಿಗೆ ಸುತ್ತಿ, ಡಬ್ಬಿಗಿಳಿಸಿ, ಮುಚ್ಚಳ ಬಿಗಿದರೆ ಆಮೇಲೆ ದೀಪ ಹಾಕಬಹುದು. ಮುಚ್ಚಳದ ತೂತಿನಿಂದ ಮೊದಲು ಡೆವಲಪರ್ ಹೊಯ್ಯಬೇಕು, ಅದು ಚಿತ್ರ ಬರಿಸುತ್ತದೆ. ಅದನ್ನು ಚೆಲ್ಲಿ ಹೈಪೋ ಹೊಯ್ಯಬೇಕು, ಅದು ಬಂದ ಚಿತ್ರವನ್ನು ಉಳಿಸಿ ಮಿಕ್ಕದ್ದನ್ನೆಲ್ಲ ಕರಗಿಸಿಬಿಡುತ್ತದೆ. ಸರದಿ ತಪ್ಪಿ ಹೈಪೋ ಮೊದಲು ಹೋಯಿತೋ, ಚಿತ್ರ ಬರುವ ಮೊದಲೇ ಎಲ್ಲ ಕರಗಿ ಹೋಗುತ್ತದೆ.

ಪಾದರಸ ಆ ಸರದಿಯನ್ನು ಬದುಕಿನಲ್ಲಿ ಒಂದೇ ಸಲ ತಪ್ಪಿದ. ತಪ್ಪಿದ್ದು ಸ್ವಂತ ತಂಗಿಯ ಮದುವೆಯ ರೀಲಿನಲ್ಲಿ.

ಆಗ ಅಂಗಡಿ ಅಣ್ಣತಮ್ಮ ಇಬ್ಬರದೂ. ಅಣ್ಣನಿಗೆ ತಂಗಿಯಾದವಳು ತಮ್ಮನಿಗೆ ಅಕ್ಕ. ತಮ್ಮ ಹೊರಗೆ ಫೋಟೋ ತೆಗೆಯುವವನು, ಅಣ್ಣ ಒಳಗೆ ತೊಳೆಯುವವನು. ತಮ್ಮನ ಕೈ ಬಲು ಒಳ್ಳೆಯದು. ಮಗು ಯಾವಾಗ ನಗುತ್ತದೆ ಎನ್ನುವುದು ಹೆತ್ತವಳಿಗಿಂತ ಮೊದಲು ಅವನಿಗೆ ತಿಳಿಯುತ್ತಿತ್ತು. ಮದುವೆಯ ಇಡೀ ದಿನ ಅವನು ತೆಗೆದದ್ದು ಒಂದೇ ರೀಲು, ಮೂವತ್ತಾರು ಫೋಟೋ, ಒಂದೊಂದಕ್ಕೂ ಕಾದು ತೆಗೆದದ್ದು. ಮಾರನೆಯ ಬೆಳಿಗ್ಗೆ ಬೀಗರು ಹೊರಡುವ ಮೊದಲು ನಾಲ್ಕಾದರೂ ಅವರ ಕೈಗಿಡಬೇಕೆಂದು ಅಣ್ಣನಿಗೆ ಎಲ್ಲಿಲ್ಲದ ಆತುರ. ಕಂದು ಗಾಜಿನ ಬಾಟಲಿಗಳೆರಡೂ ಒಂದೇ ಥರದವು. ಡೆವಲಪರ್ ಎಡಕ್ಕೆ, ಹೈಪೋ ಬಲಕ್ಕೆ ಎಂಬುದು ಅವನೇ ಮಾಡಿಕೊಂಡ ಕಟ್ಟಳೆ. ಹಿಂದಿನ ದಿನದ ಗಡಿಬಿಡಿಯಲ್ಲಿ ಕಟ್ಟೆ ಒರೆಸಿ ಅವುಗಳನ್ನು ಅದಲುಬದಲು ಇಟ್ಟವನೂ ಅವನೇ. ಹೈಪೋದ ಹುಳಿ ವಾಸನೆ ಎಂಥ ದಡ್ಡನಿಗೂ ಗೊತ್ತಾಗುತ್ತದೆ, ಆದರೆ ಅವತ್ತು ನೆಗಡಿಯಿಂದ ಮೂಗು ಕಟ್ಟಿತ್ತು. ಗ್ರಹಚಾರ ಕೆಟ್ಟರೆ ಮೂಗೂ ಕೈಕೊಡುತ್ತದೆ.

ತೆರೆದು ನೋಡಿದಾಗ ರೀಲು ಈ ತುದಿಯಿಂದ ಆ ತುದಿಗೆ ಖಾಲಿ. ಬಾಗಿಲ ಹೊರಗೆ ನಿಂತಿದ್ದ ತಮ್ಮ, ಹೇಗೆ ಬಂದಿದೆ ಎಂದು ಕೇಳಿದ. ಪಾದರಸನ ನಾಲಗೆ ಅವನ ಕಾಲಿಗಿಂತ ಚುರುಕು, ತಲೆಯನ್ನು ಕೇಳದೆಯೇ ಹೊರಟುಬಿಟ್ಟಿತು.

"ಕ್ಯಾಮೆರಾದಲ್ಲಿ ರೀಲು ಸಿಕ್ಕೊಂಡೇ ಇಲ್ಲ ಕಣೋ. ತಿರುಗೇ ಇಲ್ಲ."

ಅಂಥದ್ದು ಆಗುವುದುಂಟು. ಕ್ಯಾಮೆರಾದೊಳಗಿನ ಹಲ್ಲಿಗೆ ರೀಲಿನ ತುದಿ ಸಿಗದೆ ಜಾರಿದರೆ ಗುಂಡಿ ಒತ್ತಿದ್ದೇ ಬಂತು, ಒಂದು ಚಿತ್ರವೂ ಬೀಳುವುದಿಲ್ಲ. ತಮ್ಮ ನಂಬಿದ. ಬೀಗರೆದುರು ತಲೆ ತಗ್ಗಿಸಿ ನಿಂತು ಅನ್ನಿಸಿಕೊಂಡ. ತಂಗಿ ಒಂದು ಫೋಟೋವೂ ಇಲ್ಲದೆ ಗಂಡನ ಮನೆಗೆ ಹೋದಳು. ವಾರದೊಳಗೆ ತಮ್ಮ ಕ್ಯಾಮೆರಾವನ್ನು ಅಂಗಡಿಯ ಮೇಜಿನ ಮೇಲಿಟ್ಟು, ಇದು ನನ್ನ ಕೈಗಲ್ಲ ಎಂದು ಹೇಳಿ, ಮನೆಮನೆಗೆ ಹೋಗಿ ನೀರಿನ ಮೀಟರ್ ಓದುವ ಕೆಲಸಕ್ಕೆ ಸೇರಿಕೊಂಡ. ಮಗಳು ಹುಟ್ಟಿದಾಗಲೂ ಪಕ್ಕದ ಮನೆಯವರನ್ನು ಕರೆದು ಫೋಟೋ ತೆಗೆಸಿದನೇ ಹೊರತು ತಾನು ತೆಗೆಯಲಿಲ್ಲ. ಆ ಖಾಲಿ ರೀಲನ್ನು ಮಾತ್ರ ಎಸೆಯದೆ, ಮೊಳೆ ಸ್ಕ್ರೂ ಹಾಕಿಡುವ ಡಬ್ಬಿಯಲ್ಲಿ ಸುತ್ತಿ ಇಟ್ಟುಕೊಂಡ.

ಪಾದರಸ ನಾಳೆ ಹೇಳಿದರಾಯಿತು ಎಂದುಕೊಂಡ. ನಾಳೆ, ನಾಡಿದ್ದು ಎನ್ನುತ್ತ ಮೂವತ್ತೊಂದು ವರ್ಷವಾಯಿತು. ತಮ್ಮನ ಮನೆಗೆ ಹೋದರೆ ಹತ್ತು ನಿಮಿಷದ ಮೇಲೆ ಕೂತವನಲ್ಲ, ಜನ ಅದನ್ನು ಅವನ ಸ್ವಭಾವವೆಂದು ತಿಳಿದರು. ಯಾರಾದರೂ ಮದುವೆ ಫೋಟೋ ಎಂದರೆ ಸಾಕು, ಕುಂಬಳಕಾಯಿ ಕಳ್ಳ ಎಂದಾಗ ಹೆಗಲು ಮುಟ್ಟಿಕೊಂಡವನ ಹಾಗೆ ಎದ್ದು ಹೊರಡುತ್ತಿದ್ದ. ಅವನಿಗಿದ್ದ ಹೆದರಿಕೆ ತಮ್ಮನ ಆ ಮೊಳೆ ಡಬ್ಬಿಯದು. ಯಾರ ತಪ್ಪು ಎನ್ನುವುದು ರೀಲಿನ ಅಂಚಿನಲ್ಲೇ ಇತ್ತು, ಓದಲು ಬರುವವರು ಆ ಮನೆಯಲ್ಲಿ ಇರಲಿಲ್ಲ ಅಷ್ಟೆ.

ಕಾಲ ಉರುಳಿತು. ಅಂಗಡಿಗೆ ಜೆರಾಕ್ಸ್ ಯಂತ್ರ ಬಂತು, ಲ್ಯಾಮಿನೇಶನ್ ಬಂತು, ಕತ್ತಲೆ ಕೋಣೆಯಲ್ಲಿ ಕಾಗದದ ಪೆಟ್ಟಿಗೆಗಳು ಸೇರಿಕೊಂಡವು. ಹೀಗಿರುವಾಗ ಕಳೆದ ವರ್ಷ ತಮ್ಮನ ಮಗಳು, ಕಾಲೇಜಿನ ಹುಡುಗಿ, ಎಲ್ಲಿಂದಲೋ ಒಂದು ಹಳೆಯ ರೀಲು ಕ್ಯಾಮೆರಾ ಹೊಂದಿಸಿಕೊಂಡು ಬಂದು, ತೊಳೆಯುವುದನ್ನು ಕಲಿಸಿ ಎಂದು ಹಠ ಹಿಡಿದಳು. ಬೇಡ ಎನ್ನಲು ಕಾರಣ ಬೇಕಲ್ಲ. ಇದ್ದ ಒಂದೇ ಕಾರಣವನ್ನು ಹೇಳುವ ಹಾಗಿರಲಿಲ್ಲ. ಪೆಟ್ಟಿಗೆಗಳನ್ನು ಹೊರಗೆ ಸರಿಸಿ, ಕಟ್ಟೆ ತೊಳೆದು, ಡೆವಲಪರ್ ಬಾಟಲಿಗೆ ಹಸಿರು ಮುಚ್ಚಳ, ಹೈಪೋಗೆ ಕೆಂಪು ಮುಚ್ಚಳ ಹಾಕಿದ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ಶನಿವಾರ ಮಧ್ಯಾಹ್ನಗಳಲ್ಲಿ ಅವಳು ಬರುತ್ತಿದ್ದಳು. ಹಾಳಾದ ರೀಲೊಂದನ್ನು ಕೊಟ್ಟು ಕಣ್ಣು ಮುಚ್ಚಿ ಚಕ್ರಕ್ಕೆ ಸುತ್ತುವುದನ್ನು ಹತ್ತು ಸಲ ಮಾಡಿಸಿದ. ನಿಮಿಷಕ್ಕೊಮ್ಮೆ ಟ್ಯಾಂಕನ್ನು ತಲೆಕೆಳಗು ಮಾಡಿ, ಗುಳ್ಳೆ ಕೂರದ ಹಾಗೆ ಕಟ್ಟೆಗೆ ಮೆತ್ತಗೆ ಕುಟ್ಟುವುದನ್ನು ಕಲಿಸಿದ. ಹುಡುಗಿಗೆ ಅಪ್ಪನ ತಾಳ್ಮೆ ಬಂದಿತ್ತು. ಅದನ್ನು ಕಂಡು ಅವನಿಗೆ ಸಂತೋಷವೂ ಆಗುತ್ತಿತ್ತು, ಒಳಗೆಲ್ಲೋ ಚುರುಕ್ಕೆಂದೂ ಅನ್ನಿಸುತ್ತಿತ್ತು. ಕೆಲಸವನ್ನೆಲ್ಲ ಹೇಳಿಕೊಟ್ಟ, ಅಂಚಿನ ಪಾಠವೊಂದನ್ನು ಬಿಟ್ಟು.

ಮೂರನೆಯ ರೀಲಿನ ದಿನ ಎಡವಟ್ಟಾಯಿತು. ಅವಳೇ ಸುತ್ತಿ, ಅವಳೇ ಹೊಯ್ದು, ಅವಳೇ ತೆರೆದಳು. ರೀಲು ಉದ್ದಕ್ಕೂ ಖಾಲಿ. ಹುಡುಗಿ ಅದನ್ನು ಕಟ್ಟೆಯ ಮೇಲೆ ಬಿಟ್ಟು ಕೈ ಒರೆಸಿಕೊಂಡಳು.

"ಬಿಡಿ ದೊಡ್ಡಪ್ಪ. ನಾನೂ ಅಪ್ಪನ ಥರಾನೇ. ಇದು ನಮ್ಮ ಕೈಗಲ್ಲ."

ಅವನಿಗೆ ಆ ಮಾತು ಸರಿಯಾಗಿ ಕೇಳಿಸಲೂ ಇಲ್ಲ. ಖಾಲಿ ರೀಲು ಕಂಡೊಡನೆ ಅದನ್ನು ಕಟ್ಟೆಯಿಂದ ಬಾಚಿಕೊಂಡು ಬಲ್ಬಿಗೆ ಹಿಡಿದ. ಹಳೆಯ ಅಭ್ಯಾಸದಿಂದ ಕಣ್ಣು ಅಂಚಿಗೇ ಹೋಯಿತು. ಸದ್ಯ, ಅಂಕಿ ಬಂದಿದೆ, ತೊಳೆದದ್ದು ಸರಿಯಾಗೇ ಇದೆ ಎಂದು ಬಾಯಿಂದ ಬಿದ್ದುಹೋಯಿತು. ಯಾವ ಅಂಕಿ ಎಂದು ಅವಳು ಕೇಳದೆ ಬಿಡುತ್ತಾಳೆಯೇ. ಆಡಿದ ಮಾತು, ಒಡೆದ ಮುತ್ತು, ಹೇಳಲೇಬೇಕಾಯಿತು. ರೀಲು ತಯಾರು ಮಾಡುವವರು ಅಂಚಿನಲ್ಲಿ ಒಂದರಿಂದ ಮೂವತ್ತಾರರ ತನಕ ಅಂಕಿಗಳನ್ನು ಬೆಳಕಿನಿಂದಲೇ ಬರೆದಿರುತ್ತಾರೆ, ಫೋಟೋ ಹೇಗೋ ಅವೂ ಹಾಗೆಯೇ ಡೆವಲಪರ್ ಬಿದ್ದರೆ ಮಾತ್ರ ಕಾಣುತ್ತವೆ. ಅಂಕಿ ಇದ್ದು ಚಿತ್ರ ಇಲ್ಲದಿದ್ದರೆ ಕ್ಯಾಮೆರಾದಲ್ಲಿ ರೀಲು ತಿರುಗಿಲ್ಲ. ಅಂಕಿಯೂ ಇಲ್ಲ, ಚಿತ್ರವೂ ಇಲ್ಲ ಎಂದರೆ ತೊಳೆದವನ ತಪ್ಪು.

ಹುಡುಗಿಯ ಮುಖ ಅರಳಿತು. ಮುಂದಿನ ಸಲ ತುದಿಯನ್ನು ಸರಿಯಾಗಿ ಸಿಕ್ಕಿಸಿದರಾಯಿತು, ಕೈಯಲ್ಲೇನೂ ದೋಷವಿಲ್ಲ ಎಂದಳು. ಚೀಲ ಹೆಗಲಿಗೇರಿಸಿಕೊಳ್ಳುತ್ತ ಇನ್ನೊಂದು ಮಾತು ಸೇರಿಸಿದಳು.

"ಅಪ್ಪನ ಡಬ್ಬಿಲೂ ಇಂಥದ್ದೇ ಒಂದಿದೆ. ಅದರ ಅಂಚಲ್ಲೂ ಅಂಕಿ ಇರತ್ತಲ್ವಾ? ಮನೆಗೆ ಹೋಗಿ ಅಪ್ಪಂಗೆ ತೋರಿಸ್ತೀನಿ."

ಆಗಿನ ರೀಲಿಗೆ ಅಂಕಿ ಬರುತ್ತಿರಲಿಲ್ಲ ಎಂಬ ಎರಡನೆಯ ಸುಳ್ಳು ನಾಲಗೆಯ ತುದಿಯಲ್ಲಿ ತಯಾರಾಗಿ ಕೂತಿತ್ತು. ಹೇಳಿದ್ದರೆ ಅವಳು ನಂಬುತ್ತಿದ್ದಳು, ಅಪ್ಪನ ಮಗಳಲ್ಲವೇ. ಆದರೆ ಅವಳು ಮೊದಲು ಆಡಿದ್ದ ಮಾತು ಈಗ ತಡವಾಗಿ ಅವನಿಗೆ ಕೇಳಿಸಿತು. ಇದು ನಮ್ಮ ಕೈಗಲ್ಲ. ತಾನು ತಮ್ಮನ ತಲೆಗೆ ಹಾಕಿದ್ದು ಅಲ್ಲಿಗೇ ನಿಲ್ಲದೆ ಮಗಳವರೆಗೂ ಇಳಿದಿದೆ ಎಂದು ಹೊಳೆದು ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಬಾಯಿ ಮುಚ್ಚಿಕೊಂಡ. ಅವಳು ಗೆಳತಿಯ ಮನೆಗೆ ಹೋಗಿ ಆರಕ್ಕೆ ಮನೆ ಸೇರುತ್ತೇನೆಂದು ಹೇಳಿ ಹೋದಳು. ಗಡಿಯಾರದಲ್ಲಿ ಮೂರೂ ಕಾಲು.

ಆಮೇಲಿನ ಹೆಚ್ಚುಕಡಿಮೆ ಎರಡು ಗಂಟೆ ಅವನು ಪಟ್ಟ ಪಾಡು ಶತ್ರುವಿಗೂ ಬೇಡ. ಗಿರಾಕಿಯೊಬ್ಬರ ಅರ್ಜಿಯನ್ನು ಮಗುಚಿಟ್ಟು ಇಪ್ಪತ್ತು ಬಿಳಿ ಹಾಳೆ ಜೆರಾಕ್ಸ್ ತೆಗೆದುಕೊಟ್ಟ. ಇನ್ನೊಬ್ಬರ ಪಾಸ್‌ಪೋರ್ಟ್ ಫೋಟೋದಲ್ಲಿ ಒಂದು ಕಿವಿ ಕತ್ತರಿಸಿದ. ಬಾಗಿಲು ಎಳೆದು ಬೀದಿಯ ಕೊನೆಯವರೆಗೆ ಹೋದ, ತಿರುಗಿ ಬಂದ, ಮತ್ತೆ ಹೋದ. ತಮ್ಮ ಸ್ನಾನಕ್ಕೆ ಹೋದಾಗ ಡಬ್ಬಿಯಿಂದ ರೀಲನ್ನು ಎತ್ತಿಕೊಂಡು ಬಂದರೆ ಹೇಗೆ ಎಂಬ ಕಳ್ಳ ಯೋಚನೆಯೂ ಬಂತು. ಅದನ್ನು ಉಗಿದು ದೂಡಿದ, ಅದು ಮತ್ತೆ ಬಂತು. ಐದಕ್ಕೆ ಬಸ್ಸು ಹತ್ತಿದಾಗ ತಾನು ಹೋಗುತ್ತಿರುವುದು ಹೇಳಲಿಕ್ಕೋ ಕದಿಯಲಿಕ್ಕೋ ಎನ್ನುವುದು ಅವನಿಗೇ ಖಾತ್ರಿಯಿರಲಿಲ್ಲ.

ತಮ್ಮ ದಿನದ ತಿರುಗಾಟ ಮುಗಿಸಿ, ಪಡಸಾಲೆಯಲ್ಲಿ ಬಿಸಿನೀರಿನ ಬಕೆಟ್ಟಿಗೆ ಕಾಲಿಳಿಬಿಟ್ಟು ಕೂತಿದ್ದ. ಹೆಂಡತಿ ಮನೆಯಲ್ಲಿರಲಿಲ್ಲ. ನೀನು ಕೂರುವುದಿಲ್ಲ ಎಂದು ಗೊತ್ತು, ಆದರೂ ಕೂರು ಎಂದು ಅಣ್ಣನಿಗೆ ಕುರ್ಚಿ ತೋರಿಸಿದ. ಮೊಳೆ ಸ್ಕ್ರೂಗಳ ಡಬ್ಬಿ ಕಿಟಕಿಯ ಮೇಲೆ, ಕೈಗೆಟುಕುವಷ್ಟು ಹತ್ತಿರದಲ್ಲಿತ್ತು. ಬಕೆಟ್ಟಿನಲ್ಲಿ ಊದಿಕೊಂಡ ಆ ಎರಡು ಪಾದಗಳನ್ನು ನೋಡಿದ ಮೇಲೆ ಅವನಿಂದ ಅತ್ತ ಕೈಚಾಚಲು ಆಗಲಿಲ್ಲ.

"ತಂಗಿ ಮದುವೆ ರೀಲು ಹಾಳು ಮಾಡಿದ್ದು ನಾನು ಕಣೋ. ಹೈಪೋ ಮೊದಲು ಹಾಕ್ಬಿಟ್ಟೆ. ನಿನ್ನ ಕ್ಯಾಮೆರಾ ಸರಿಯಾಗೇ ಇತ್ತು."

ತಮ್ಮ ಒಂದು ಕಾಲನ್ನು ನೀರಿನಿಂದ ತೆಗೆದು ಟವೆಲಿನಿಂದ ಬೆರಳ ಸಂದಿಗಳನ್ನೆಲ್ಲ ಒರೆಸಿದ. ಆಮೇಲೆ ಇನ್ನೊಂದನ್ನು. ಪಾದರಸ ಬೈಗುಳಕ್ಕೆ ಕಾದ, ಎದ್ದು ಬಂದು ಕೆನ್ನೆಗೆ ಬಾರಿಸಿದರೂ ಒಳ್ಳೆಯದೇ ಎಂದುಕೊಂಡ.

"ಅಂದ್ರೆ ರೀಲು ತಿರುಗಿತ್ತು," ಎಂದ ತಮ್ಮ.

"ತಿರುಗಿತ್ತು."

"ಮೂವತ್ತಾರೂ ಬಿದ್ದಿದ್ವು."

"ಬಿದ್ದಿದ್ವು." ತಪ್ಪಾಯಿತು ಎಂದು ಅಣ್ಣ ಶುರು ಮಾಡಿದ. ತಮ್ಮ ಕೈಯೆತ್ತಿ ತಡೆದ.

"ಮಾತಾಡ್ಬೇಡ. ಕೇಳು."

ಅವನು ಗೋಡೆಯನ್ನು ನೋಡುತ್ತ, ಬೆರಳು ಮಡಿಸುತ್ತ ಹೇಳತೊಡಗಿದ. ಮೊದಲನೆಯದರಲ್ಲಿ ಅಕ್ಕ ಕಿಟಕಿಯ ಹತ್ತಿರ ಕೂತಿದ್ದಾಳೆ, ಅಮ್ಮ ಅವಳ ಜಡೆ ಹೆಣೆಯುತ್ತಿದ್ದಾಳೆ. ಎರಡನೆಯದು ಜಡೆ ಬಿಗಿಯಾಗಿ ಅಕ್ಕ ಮುಖ ಕಿವಿಚಿದ್ದು. ಆರನೆಯದರಲ್ಲಿ ಅಪ್ಪ ಹೊಸ ಚಪ್ಪಲಿ ಕಚ್ಚಿ ಕುಂಟುತ್ತಿದ್ದಾನೆ. ಹನ್ನೊಂದನೆಯದರಲ್ಲಿ ಅಣ್ಣ, ನೀನೇ, ಓಡುತ್ತಿದ್ದೀಯ, ಎಲ್ಲಿಗೆ ಅಂತ ದೇವರಿಗೇ ಗೊತ್ತು. ಒಂದನ್ನೂ ಬಿಡದೆ, ಒಂದರ ಜಾಗದಲ್ಲಿ ಇನ್ನೊಂದನ್ನು ಹೇಳದೆ, ರೀಲಿನಲ್ಲಿ ಬಿದ್ದೇ ಇಲ್ಲವೆಂದು ನಂಬಿದ್ದ ಫೋಟೋಗಳನ್ನು ಅವನು ಮೂವತ್ತೊಂದು ವರ್ಷ ಮನಸ್ಸಿನಲ್ಲಿ ಇಟ್ಟುಕೊಂಡಿದ್ದ. ಹೊರಗೆ ಮಗಳು ಗೇಟು ತೆಗೆದ ಸದ್ದಾಯಿತು, ಅವನು ನಿಲ್ಲಿಸಲಿಲ್ಲ. ಅವಳು ಬಾಗಿಲಲ್ಲೇ ನಿಂತು ಕೇಳಿಸಿಕೊಂಡಳು.

"ಮೂವತ್ತಾರನೇದು ಅಲುಗಿ ಮಸುಕಾಗಿರತ್ತೆ," ಎಂದ ತಮ್ಮ. "ಅಮ್ಮ ಅಕ್ಕನ್ನ ತಬ್ಕೊಂಡು ಅಳ್ತಿದ್ಲು, ನನ್ನ ಕೈ ನಿಲ್ಲಲಿಲ್ಲ. ಅದೊಂದು ನನ್ನ ತಪ್ಪು."