ಅದೇ ಬಂಡೆಯ ಮೇಲಿನ ಮನೆ

ಮುತ್ತಿಗೆಯಲ್ಲಿ ಒಡೆದ ಶ್ರೀರಂಗಪಟ್ಟಣದ ಕೋಟೆಯನ್ನು ಮತ್ತೆ ಕಟ್ಟುತ್ತಿದ್ದ ವರ್ಷ, ನಾನೂ ನನ್ನ ಗಂಡನೂ ಹಿರೋಡೆಯ ಹತ್ತಿರದ ಕಲ್ಲುಗಣಿಯಲ್ಲಿ ಕುಲುಮೆ ಹಾಕಿದ್ದೆವು. ಕಲ್ಲುಕುಟಿಗರ ಉಳಿಗಳು ದಿನಕ್ಕೆ ಎರಡು ಸಲ ಮೊಂಡಾಗುತ್ತಿದ್ದವು. ನಾನು ತಿದಿ ಒತ್ತಿದರೆ ನನ್ನ ಗಂಡ ಉಳಿ ಕಾಯಿಸಿ ಬಡಿದು ಹದ ಮಾಡುತ್ತಿದ್ದರು.

ಅಲ್ಲಿಯ ಮೇಸ್ತ್ರಿಯಷ್ಟು ಕಲ್ಲು ಬಲ್ಲವರನ್ನು ನಾನು ಮತ್ತೆ ಕಾಣಲಿಲ್ಲ. ಬಂಡೆಯ ಮೇಲೆ ಸೌದೆ ಹರವಿ ಬೆಂಕಿ ಹಾಕಿಸುತ್ತಿದ್ದರು. ಕಾದ ಪದರ ಅಡಿಯಿಂದ ಬಿಟ್ಟುಕೊಳ್ಳುವಾಗ ಸುತ್ತಿಗೆಯಿಂದ ತಟ್ಟಿ, ಸದ್ದು ಕೇಳಿ, ಬೆಂಕಿಯನ್ನು ಮೊಳ ಮೊಳವೇ ಮುಂದಕ್ಕೆ ಎಳೆಸುತ್ತಿದ್ದರು. ಒಕ್ಕಣೆಯ ಕಣದಷ್ಟು ಅಗಲದ ಚಪ್ಪಡಿ ಒಂದೂ ಬಿರುಕಿಲ್ಲದೆ ಎದ್ದು ಬರುತ್ತಿತ್ತು.

ಒಂದು ಬೆಳಿಗ್ಗೆ ಕೆಳಗಿನ ಕೇರಿಯ ಮುದುಕಿಯೊಬ್ಬಳು ಗಣಿಗೆ ಹತ್ತಿ ಬಂದವಳೇ ಸೌದೆ ಹರವಿದ್ದ ಬಂಡೆಯ ಮೇಲೆ ಕೂತುಬಿಟ್ಟಳು.

“ಮೇಸ್ತ್ರಿ ಯಾವನ್ಲಾ? ನಿಮ್ ಏಟಿಗೆ ನಮ್ಮನೆ ಗ್ವಾಡೆ ಬಾಯ್ಬುಟ್ಟೈತೆ. ನಿನ್ನೆ ಮಣ್ಣು ಕಳಚ್ಕಂಡು ಬಾಣಂತಿ ಮಗ್ಗುಲಿಗೇ ಬಿತ್ತು. ಕೂಸಿನ ಮ್ಯಾಲೆ ಬಿದ್ದಿದ್ರೆ?”

ಕೆಲಸದವರು ನಕ್ಕರು. ಮೇಸ್ತ್ರಿ ನಗಲಿಲ್ಲ. “ಬಾರವ್ವಾ, ನೋಡಾನ” ಎಂದು ಅವಳ ಹಿಂದೆ ಇಳಿದರು. ಬಾಣಂತಿ ಇರುವ ಮನೆಯೆಂದು ನನ್ನನ್ನೂ ಕರೆದರು.

ಗೋಡೆಯ ಬಿರುಕಿನಲ್ಲಿ ಅಂಗೈ ತೂರುವಂತಿತ್ತು. ಮೇಸ್ತ್ರಿ ನನ್ನಿಂದ ಒಂದು ಬಟ್ಟಲು ನೀರು ತರಿಸಿ ನೆಲದ ಮೇಲಿಡಿಸಿದರು. ಮೇಲೆ ಗಣಿಯಲ್ಲಿ ಸುತ್ತಿಗೆ ಬಿದ್ದಾಗಲೆಲ್ಲ ನೀರು ನಡುಗಿತು. ಮೂಲೆಯಲ್ಲಿ ನೆಲ ಕೆದರಿದರೆ ಗೇಣಾಳದಲ್ಲೇ ಕಲ್ಲು.

“ಈ ಮನೆ ಕುಂತಿರೋದೂ ನಮ್ ಬಂಡೆ ಮ್ಯಾಲೇ ಕಣವ್ವ. ಅದು ಎಲ್ಲೀಗಂಟ ಓಗೈತೆ ಅಂತ ನಾನು ನೋಡ್ನಿಲ್ಲ. ತಪ್ಪು ನಂದೇಯ.”

ಅಷ್ಟು ದೊಡ್ಡ ಕೆಲಸಗಾರರೊಬ್ಬರು ಹೀಗೆ ಒಪ್ಪಿಕೊಂಡದ್ದನ್ನು ನಾನು ಅಂದೇ ಮೊದಲು ಕೇಳಿದ್ದು. ಮೇಸ್ತ್ರಿ ಗಣಿಗೆ ಹತ್ತಿ ಬಂದವರೇ ಕೆಲಸ ನಿಲ್ಲಿಸಿದರು.

ಕೆಲಸ ನಿಂತದ್ದು ತಿಳಿದು ಮಧ್ಯಾಹ್ನ ಕೋಟೆ ಕೆಲಸದ ಉಸ್ತುವಾರಿಯ ದರೋಗಾ ಕುದುರೆಯಲ್ಲಿ ಬಂದ. “ಒಬ್ಬ ಮುದುಕಿ ಕೂಗಾಡಿದ್ಲು ಅಂತ ಕೋಟೆ ಕೆಲ್ಸ ನಿಲ್ಲಿಸ್ತೀಯಾ?”

“ನಿಲ್ಲಾಕಿಲ್ಲ ಸ್ವಾಮಿ. ಗುಡ್ಡದ ಆಚೆ ಮಗ್ಗುಲಲ್ಲಿ ಬ್ಯಾರೆ ಬಂಡೆ ಐತೆ, ಅಲ್ಲಿಂದ ಕೊಡ್ತೀವಿ.”

“ಗಾಡಿ ಅಷ್ಟು ದೂರ ಸುತ್ಕೊಂಡು ಬರೋರು ಯಾರು?”

ಕಲ್ಲು ಸಾಗಿಸುವ ಗಾಡಿಗಳ ಸಾಬರು ಪಕ್ಕದಲ್ಲೇ ಎತ್ತಿಗೆ ಹುಲ್ಲು ಹಾಕುತ್ತಿದ್ದರು. “ನಮ್ ಎತ್ತುಗೋಳು ನಡೀತಾವೆ ಹುಜೂರ್. ಕೂಸಿರೋ ಮನೆ ಕೆಡವಿದ್ರೆ ಖುದಾ ಮೆಚ್ತಾನಾ?” ಎಂದರು.

ದರೋಗಾ ಜಾಗ ಬದಲಿಸಲು ಒಪ್ಪಿದ. ಆದರೆ ತಡ ಮಾಡಿದ್ದಕ್ಕೆಂದು ಮೇಸ್ತ್ರಿತನವನ್ನು ಅಲ್ಲೇ ಕಿತ್ತು ಇನ್ನೊಬ್ಬರಿಗೆ ಕೊಟ್ಟ. ನಮ್ಮ ಹಳೆಯ ಮೇಸ್ತ್ರಿ ರುಮಾಲು ಸರಿಮಾಡಿಕೊಂಡು, ಉಳಿ ಹಿಡಿದು ಕಲ್ಲುಕುಟಿಗರ ಸಾಲಿನಲ್ಲಿ ಕೂತರು. ನನಗೆ ಅಳು ಬಂತು; ಅವರ ಏಟು ಮಾತ್ರ ಒಂದೂ ತಪ್ಪಲಿಲ್ಲ.

ಬಿಡುವಿನ ದಿನ ಅವರೇ ಮುಂದೆ ನಿಂತು, ಉಳಿದ ಕಲ್ಲುಗಳಿಂದ ಮುದುಕಿಯ ಮನೆಗೆ ಹೊಸ ಗೋಡೆ ಎಬ್ಬಿಸಿದರು. ಗಣಿಯ ಅರ್ಧ ಜನ ಕರೆಯದೆಯೇ ಬಂದರು.

ಆಚೆ ಮಗ್ಗುಲಲ್ಲಿ ಮೊದಲ ಸಲ ಸೌದೆ ಹರವಿದ ದಿನ, ಹೊಸ ಮೇಸ್ತ್ರಿ ನಮ್ಮ ಕುಲುಮೆಗೆ ಬಂದ. ಹಳೆಯ ಮೇಸ್ತ್ರಿ ಉಳಿಗಾಗಿ ಕಾಯುತ್ತಾ ಅಲ್ಲೇ ಕೂತಿದ್ದರು.

“ಅಣ್ಣಾ, ಬೆಂಕಿ ಎಲ್ಲಿಂದ ಸುರು ಮಾಡ್ಲಿ? ನಂಗೆ ಕೈ ಬತ್ತಿಲ್ಲ.”

“ಬಾರ್ಲಾ, ತೋರಿಸ್ತೀನಿ” ಎಂದು ಅವನ ಹೆಗಲ ಮೇಲೆ ಕೈ ಹಾಕಿ ಹಳೆಯ ಮೇಸ್ತ್ರಿ ಗುಡ್ಡ ಹತ್ತಿದರು.